ನಮ್ಮ ಮನೆಯವರ ಪರವಾಗಿ

ಡೇಜಾನ್
11 ಅಕ್ಟೋಬರ್ 1988

ಅಮ್ಮ,

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಹೂಂ ಹೂಂ ಅನ್ನುತ್ತೇನೆ, ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಈ ಸಲ ಹಾಗೆ ಮುಗಿಯುವುದು ನನಗೆ ಬೇಡ. ಬರೆ.

ಮೊನ್ನೆ ಸೊಂಗ್‌ಪೊದಿಂದ ಒಣಮೀನಿನ ಅಜ್ಜಿ ಇಲ್ಲಿಯ ಮಾರ್ಕೆಟ್ಟಿಗೆ ಬಂದಿದ್ದಳು. ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಬುಟ್ಟಿ ಇಳಿಸಿದವಳು ಕೂರುವುದಕ್ಕೂ ಮೊದಲೇ ಶುರು ಮಾಡಿದಳು: "ಅಂತೂ ನಿಮ್ಮಮ್ಮ ದೊಡ್ಡ ಮನಸ್ಸು ಮಾಡಿದ್ಳು ಕಣೇ. ಚರ್ಚಿನ ಉಜ್ಜೀವನ ಕೂಟದಲ್ಲಿ ಪ್ಯೊ ಹಿರಿಯರು ಎಲ್ಲರೆದುರಿಗೆ ಬಂದು ನಿಂತ್ರು. ನಿಮ್ಮಮ್ಮ ಎದ್ದು ಹೋಗಿ ಅವರ ಕೈ ಹಿಡ್ಕೊಂಡು, 'ನಮ್ಮ ಮನೆಯವರ ಪರವಾಗಿ ಕ್ಷಮಿಸಿದೀನಿ' ಅಂದ್ಳು. ಅಯ್ಯೋ, ಅಳದೇ ಇದ್ದೋರೇ ಇಲ್ಲ. ನಿನಗೆ ಗೊತ್ತಿಲ್ವಾ?"

ಗೊತ್ತು ಅಂದೆ. ನನ್ನ ತಾಯಿ ನನಗೆ ಹೇಳದೆ ಇಂಥದ್ದು ಮಾಡುತ್ತಾಳೆ ಎಂದು ಊರಿನವರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು.

ನಮ್ಮ ಮನೆಯವರು ಅಂದರೆ ಯಾರಮ್ಮ? ಸಮುದ್ರಕ್ಕೆ ಹೋಗಿ ವಾಪಸ್ ಬರದವನು ನನ್ನ ಗಂಡ. ಹೋಗು ಎಂದು ಕಳಿಸಿದವರು ದೋಣಿಯ ಒಡೆಯರಾದ ಆ ಪ್ಯೊ ಹಿರಿಯರು. ಕಳಿಸಿದ್ದಲ್ಲದೆ, "ಥೇಗುನ್ ಕುಡಿದಿದ್ದ, ನನಗೆ ಹೇಳದೆ ದೋಣಿ ತಗೊಂಡು ಹೋದ" ಎಂದು ಪೊಲೀಸರ ಮುಂದೆ, ಸಭೆಯ ಮುಂದೆ ಹೇಳಿದವರೂ ಅವರೇ. ಹೆಣವೂ ಸಿಗಲಿಲ್ಲ, ಹೆಸರೂ ಉಳಿಯಲಿಲ್ಲ. ಕುಡುಕನ ಹೆಂಡತಿ ಎನ್ನಿಸಿಕೊಂಡು ಮೂರು ವರ್ಷದ ಮಗು ಬೊರಮ್‌ಳನ್ನು ಬೆನ್ನಿಗೆ ಕಟ್ಟಿಕೊಂಡು ಆ ಊರು ಬಿಟ್ಟವಳು ನಾನು.

ನನ್ನ ಕೇಳಿದೆಯಾ? ಒಂದು ಮಾತು?

ಯೊನ್‌ಸಿಲ್


ಸೊಂಗ್‌ಪೊ
19 ಅಕ್ಟೋಬರ್ 1988

ನನ್ನ ಮಗಳೇ,

ನಿನ್ನ ಪತ್ರ ಬಂತು. ಎರಡು ಸಲ ಓದಿದೆ, ಮೂರನೆಯ ಸಲಕ್ಕೆ ಧೈರ್ಯ ಬರಲಿಲ್ಲ.

ಹೇಗಾಯಿತೆಂದು ಹೇಳುತ್ತೇನೆ, ಕೇಳು. ಕೂಟಕ್ಕೆ ಹೊರಗಿನಿಂದ ಬೋಧಕರು ಬಂದಿದ್ದರು. ಕೊನೆಯ ದಿನ ಅವರು, ನಿಮ್ಮಲ್ಲಿ ಯಾರಿಗಾದರೂ ಯಾರ ಮೇಲಾದರೂ ಭಾರವಿದ್ದರೆ ಇವತ್ತೇ ಇಳಿಸಿ, ನಾಳೆ ಎನ್ನುವುದು ನಮ್ಮ ಕೈಯಲ್ಲಿಲ್ಲ ಅಂದರು. ಜನ ಅಳತೊಡಗಿದರು. ಅಷ್ಟರಲ್ಲಿ ಪ್ಯೊ ಹಿರಿಯರು ಎದ್ದು ಮುಂದೆ ಹೋದರು. ಆ ಮನುಷ್ಯನ ಕಣ್ಣಲ್ಲಿ ನೀರು ಕಂಡಿದ್ದು ಅದೇ ಮೊದಲು. "ಥೇಗುನ್ ಮನೆಯವರು ನನ್ನನ್ನ ಮನ್ನಿಸಬೇಕು" ಅಂದರು. ಅಷ್ಟೇ ತಡ, ಇಡೀ ಸಭೆ ಕತ್ತು ತಿರುಗಿಸಿ ನನ್ನನ್ನು ನೋಡಿತು. ಅಷ್ಟು ಕಣ್ಣುಗಳು ಮೈಮೇಲೆ ಬಿದ್ದರೆ ಹೇಗಿರುತ್ತದೆ ಎಂದು ನಿನಗೆ ಗೊತ್ತು. ಪಕ್ಕದಲ್ಲಿದ್ದ ಪಾಸ್ಟರ್ ಹೆಂಡತಿ ಮೆಲ್ಲಗೆ ನನ್ನ ಮೊಣಕೈ ತಟ್ಟಿದಳು. ನನ್ನ ಕಾಲು ತಾನಾಗಿಯೇ ಎದ್ದು ನಡೆಯಿತು.

ನಾನು ಸುಳ್ಳು ಹೇಳುವುದಿಲ್ಲ. ಅವರ ಕೈ ಹಿಡಿದಾಗ ಎದೆ ಹಗುರಾಯಿತು. ದೇವರು ನನ್ನನ್ನು ಎಷ್ಟು ಸಲ ಮನ್ನಿಸಿಲ್ಲ? ನಾನು ಮುಷ್ಟಿ ಬಿಗಿ ಹಿಡಿದು ಕೂತರೆ ಅವನ ಮುಂದೆ ಯಾವ ಕೈ ಚಾಚಲಿ? ನೀನೂ ಹಾಗೆಯೇ ಯೋಚಿಸುತ್ತೀ ಎಂದುಕೊಂಡೆ. ನಿನ್ನನ್ನು ಕೇಳಿದರೆ ಬೇಡ ಅನ್ನುತ್ತೀ ಎಂದೂ ಅಂದುಕೊಂಡೆ ಎಂದು ಕಾಣುತ್ತದೆ.

ಬೊರಮ್‌ಗೆ ಶೀತ ವಾಸಿಯಾಯಿತಾ? ಪೇರಳೆಯೊಳಗೆ ಜೇನು ಹಾಕಿ ಹಬೆಯಲ್ಲಿ ಬೇಯಿಸಿ ಕೊಡು.

ನಿನ್ನ ಅಮ್ಮ


ಡೇಜಾನ್
24 ಅಕ್ಟೋಬರ್ 1988

ಅಮ್ಮ,

ಒಂದೇ ಪ್ರಶ್ನೆ. ಅವರು ಯಾವುದಕ್ಕೆ ಕ್ಷಮೆ ಕೇಳಿದರು? ಬಾಯಲ್ಲಿ ಬಂದ ಮಾತನ್ನು ಹಾಗೇ ಬರೆ. ನಿನ್ನ ಕಣ್ಣೀರು ಬೆರೆಸಬೇಡ.

ಆ ಸಂಜೆ ಏನಾಯಿತೆಂದು ಮತ್ತೊಮ್ಮೆ ಹೇಳುತ್ತೇನೆ. ಆಗ ಹೇಳಿದಾಗ, "ಹಿರಿಯರ ವಿಷಯ, ಬಾಯಿ ಮುಚ್ಚು" ಅಂದಿದ್ದೆ ನೀನು. ಮಳೆಕೋಟು ತೆಗೆದುಕೊಳ್ಳಲು ಥೇಗುನ್ ಮನೆಗೆ ಬಂದ. ಮೂಲಂಗಿ ಸೊಪ್ಪಿನ ಸಾರಿಗೆ ಅನ್ನ ಕಲಸಿಕೊಂಡು ನಿಂತೇ ತಿಂದ. ಬಂದರಿನಲ್ಲಿ ಎಚ್ಚರಿಕೆ ಬಾವುಟ ಏರಿಸಿದ್ದರು. "ಗಾಳಿ ತಿರುಗಿದೆ, ಬೆಳಿಗ್ಗೆ ಹೋಗ್ತೀನಿ ಅಂದೆ. 'ಸಮುದ್ರದಲ್ಲಿ ಬಿಟ್ಟಿರೋ ಬಲೆ ಹೋದ್ರೆ ನಿನ್ನನ್ನ ಮಾರಿ ತರ್ಲಾ?' ಅಂದ್ರು ಹಿರಿಯರು" ಎಂದು ನಕ್ಕ. ಸಿಟ್ಟು ಬಂದರೂ ನಗುವ ಜಾತಿ ಅವನದು. ಕೋಟಿನ ಮೇಲಿನ ಗುಂಡಿ ಹಾಕಿದ್ದು ನಾನು. ಅವನ ಬಾಯಿ ನನ್ನ ಹಣೆಯ ಹತ್ತಿರವೇ ಇತ್ತು. ಹೆಂಡದ ವಾಸನೆ ಇರಲಿಲ್ಲ.

ಹೋದ ತಿಂಗಳು ಹಬ್ಬಕ್ಕೆ ಅವನ ಅಣ್ಣನ ಮನೆಗೆ ಹೋಗಿದ್ದೆವಲ್ಲ, ಅಲ್ಲಿ ದೊಡ್ಡಪ್ಪನ ಮಗ ಬೊರಮ್‌ಗೆ ಹೇಳಿದನಂತೆ: "ನಿಮ್ಮಪ್ಪ ಕುಡಿದು ಸತ್ತಿದ್ದು." ಮನೆಗೆ ಬಂದ ಮೇಲೆ ಅವಳು ನನ್ನನ್ನು ಕೇಳಲಿಲ್ಲ. ಅಪ್ಪನ ಫೋಟೋವನ್ನು ಡೆಸ್ಕಿನ ಮೇಲಿಂದ ತೆಗೆದು ಡ್ರಾಯರಿನಲ್ಲಿಟ್ಟಳು. ಒಂಬತ್ತು ವರ್ಷದ ಹುಡುಗಿ.

ಅದನ್ನೂ ಕ್ಷಮಿಸಿಬಿಟ್ಟೆಯಾ, ಬೊರಮ್ ಪರವಾಗಿ?

ಯೊನ್‌ಸಿಲ್


ಸೊಂಗ್‌ಪೊ
21 ನವೆಂಬರ್ 1988

ಯೊನ್‌ಸಿಲ್,

ತಡವಾಯಿತು. ಚಳಿಗಾಲದ ಕಿಮ್ಚಿ ಹಾಕುವ ಕೆಲಸ ಇತ್ತು ಎಂದು ಬರೆಯಬಹುದಿತ್ತು. ಕೆಲಸ ಇದ್ದದ್ದು ನಿಜ, ಕಾರಣ ಅದಲ್ಲ.

ಹಿರಿಯರು ಆಡಿದ ಮಾತನ್ನು ನೆನಪು ಮಾಡಿಕೊಳ್ಳಲು ಕೂತೆ. ಅಂದು ಸಭೆಯಲ್ಲಿದ್ದ ಇಬ್ಬರನ್ನು ಕೇಳಿಯೂ ನೋಡಿದೆ. ಹಿರಿಯರು ಹೇಳಿದ್ದು ಇಷ್ಟು: "ನನ್ನ ದೋಣಿಯಲ್ಲಿ ಒಂದು ಜೀವ ಹೋಯ್ತು. ನನ್ನಿಂದ ಏನಾದ್ರೂ ಕೊರತೆ ಆಗಿದ್ರೆ ಥೇಗುನ್ ಮನೆಯವರು ಮನ್ನಿಸಬೇಕು." ಏನಾದರೂ. ಆಗಿದ್ದರೆ. ಬರೆದು ನೋಡಿದಾಗ ನನಗೇ ಕಂಡಿತು, ಅದರೊಳಗೆ ಏನೂ ಇಲ್ಲ. ಬರಿಯ ಸಿಪ್ಪೆಗೆ ನಾನು ಕೈಯೊಡ್ಡಿದ್ದೆ.

ನಾನು ಅವರ ಬಳಿ ಹೋದೆ. ಶೆಡ್ಡಿನಲ್ಲಿ ಬಲೆ ಹೊಲಿಯುತ್ತಿದ್ದರು. ನಮ್ಮ ಸೀಮೆಯವರ ಮಾತು ನಿನಗೆ ಗೊತ್ತಲ್ಲ, ಹವಾಮಾನದಿಂದ ಶುರುವಾಗಿ ವಿಷಯಕ್ಕೆ ಬರುವಷ್ಟರಲ್ಲಿ ಸಮುದ್ರದ ಭರತ ಇಳಿದಿರುತ್ತದೆ. ನಾನು ಅವತ್ತು ಹವಾಮಾನ ಕೇಳಲಿಲ್ಲ.

"ಹಿರಿಯರೇ, ಆವತ್ತು ನೀವು ಯಾವುದಕ್ಕೆ ಕ್ಷಮೆ ಕೇಳಿದ್ರಿ?"

"ಯಾವುದಕ್ಕೆ ಅಂದ್ರೆ... ಎಲ್ಲದಕ್ಕೂ."

"ಅಂಗಡಿಗೆ ಹೋಗಿ ಎಲ್ಲ ಕೊಡಿ ಅಂದ್ರೆ ಏನು ಕೊಡ್ತಾರೆ? ಹೆಸರು ಹೇಳ್ಬೇಕಲ್ವಾ. ನಮ್ಮ ಹುಡುಗ ಕುಡಿದಿದ್ನಾ?"

ಅವರ ಕೈ ನಿಲ್ಲಲಿಲ್ಲ. "ಮುಗಿದ ಮಾತು, ಕ್ವಾಕ್ ಅಮ್ಮನವರೇ. ದೇವರ ಮುಂದೆ ನೀವೇ ಮುಗಿಸಿದ್ದೀರಿ."

"ಕುಡಿದಿದ್ನಾ ಅಂತ ಕೇಳ್ದೆ."

"ಕ್ಷಮಿಸಿದ್ದನ್ನ ಮತ್ತೆ ಕೆದಕೋದು ವಿಶ್ವಾಸಿಗಳ ಲಕ್ಷಣ ಅಲ್ಲ." ಆಗ ತಲೆಯೆತ್ತಿದರು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಇಲ್ಲ ಎಂದೂ ಅನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ. ಕುಡಿದಿದ್ದ ಎಂದು ಆಗ ಊರಿಗೆಲ್ಲ ಹೇಳಿದ ಬಾಯಿ ಈಗ ನನ್ನೊಬ್ಬಳ ಮುಂದೆ ಅದನ್ನು ಹೇಳಲಾರದೆ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ನನಗೆ ಅರ್ಥವಾಯಿತು. ನಾನು ಕೊಟ್ಟ ಕ್ಷಮೆಯನ್ನೇ ಬಾಗಿಲು ಮಾಡಿಕೊಂಡು ಆ ಮನುಷ್ಯ ಒಳಗಿನಿಂದ ಅಗಳಿ ಹಾಕಿಕೊಂಡಿದ್ದಾರೆ. ನಾವು ತಟ್ಟಿದರೆ, ನೀವೇ ಕೊಟ್ಟ ಬಾಗಿಲಲ್ಲವೇ ಅನ್ನುತ್ತಾರೆ.

ಇಷ್ಟು ಬರೆದು ಮುಗಿಸುತ್ತೇನೆ. ಉಳಿದದ್ದನ್ನು ಬರೆಯಲು ಇನ್ನೂ ಬಾಯಿಲ್ಲ.

ಅಮ್ಮ


ಡೇಜಾನ್
1 ಡಿಸೆಂಬರ್ 1988

ಅಮ್ಮ,

ನೀನು ಹೋಗಿ ಕೇಳುತ್ತೀ ಎಂದು ನಾನು ಎಣಿಸಿರಲಿಲ್ಲ. ಆದರೂ ನೀನು ಅವರನ್ನು ಕೇಳಿದ್ದು ಶೆಡ್ಡಿನಲ್ಲಿ. ಕ್ಷಮಿಸಿದ್ದು ಮಾತ್ರ ಇಡೀ ಸಭೆಯ ಮುಂದೆ.

ಯೊನ್‌ಸಿಲ್


ಸೊಂಗ್‌ಪೊ
27 ಡಿಸೆಂಬರ್ 1988

ಯೊನ್‌ಸಿಲ್,

ಯಾರಾದರೂ ನಿನ್ನ ಬಳಿ ಬಂದು ಹೇಳುವ ಮೊದಲು ನಾನೇ ಹೇಳುತ್ತೇನೆ.

ಈ ವರ್ಷ ಕ್ರಿಸ್ಮಸ್ ಭಾನುವಾರವೇ ಬಂತು. ಆರಾಧನೆಯಲ್ಲಿ ಪ್ರಭುಭೋಜನ ಇತ್ತು. ರೊಟ್ಟಿಯ ತಟ್ಟೆಯನ್ನು ಸಾಲುಸಾಲಾಗಿ ಕೊಡುತ್ತ ಬಂದವರು ಪ್ಯೊ ಹಿರಿಯರೇ. ನನ್ನ ಮುಂದೆ ಬಂದು ತಟ್ಟೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ತಟ್ಟೆಯನ್ನು ಪಕ್ಕದವಳಿಗೆ ದಾಟಿಸಿದೆ. ಅವಳು ಪಿಸುಗುಟ್ಟಿದಳು: "ಏನಕ್ಕಾ, ಹೊಟ್ಟೆ ಸರಿ ಇಲ್ವಾ?"

ಹೊಟ್ಟೆ ಸರಿಯಿತ್ತು. ಎದ್ದು ನಿಂತೆ. ಈ ಸಲ ಕಾಲನ್ನು ಎಬ್ಬಿಸಿದ್ದು ನಾನೇ.

"ಸೆಪ್ಟೆಂಬರಿನಲ್ಲಿ ಇದೇ ಜಾಗದಲ್ಲಿ ನಾನೊಂದು ಮಾತಾಡ್ದೆ. ಅದರಲ್ಲಿ ನನ್ನ ಪಾಲು ಇತ್ತು, ಅತ್ತೆ ಆದವಳ ಪಾಲು. ಅದನ್ನ ಕೊಟ್ಟಿದೀನಿ, ವಾಪಸ್ ಕೇಳಲ್ಲ. ಆದ್ರೆ ಮಗಳ ಪಾಲು, ಮೊಮ್ಮಗಳ ಪಾಲು ನನ್ನದಲ್ಲ. ಅವರನ್ನ ಕೇಳದೆ ಕೊಟ್ಟುಬಿಟ್ಟೆ. ಅದನ್ನ ಈಗ ತಗೋತಿದೀನಿ. ದೇವರು ನನ್ನನ್ನ ಕ್ಷಮಿಸಲಿ, ನೀವೂ ಕ್ಷಮಿಸಿ."

ಮಗಳೇ, ಸ್ಟೌವಿನೊಳಗೆ ಕಲ್ಲಿದ್ದಲು ಕುಸಿದದ್ದು ಕೇಳಿಸಿತು. ಆಮೇಲೆ ಹಿರಿಯರ ಹೆಂಡತಿ ಎದ್ದಳು. "ಕೊಟ್ಟು ಕಿತ್ಕೊಳ್ಳೋಕೆ ಕ್ಷಮೆ ಅಂದ್ರೆ ಕೋಳಿಮರಿ ಅಂದ್ಕೊಂಡ್ಯಾ? ಪ್ರಭು ಹುಟ್ಟಿದ ದಿನ ಬಂದು ವಿಷ ಕಾರ್ತೀಯಲ್ಲ!" ಅವಳು ನನ್ನ ಜೊತೆ ಕಡಲಪಾಚಿ ಒಣಗಿಸುತ್ತ ಮುದುಕಿಯಾದವಳು. ನಿನ್ನ ಹೆರಿಗೆಯಲ್ಲಿ ನೀರು ಕಾಯಿಸಿದವಳು. ಅವಳ ಮಾತು ಚುಚ್ಚಿತು.

ಸಂಜೆ ಪಾಸ್ಟರ್ ಬಂದರು. "ನಿಮ್ಮ ಮಗಳ ಕಹಿ ನಿಮಗೂ ಹತ್ತಿದೆ, ಅಮ್ಮನವರೇ" ಅಂದರು. "ಕಹಿ ಅವಳದಲ್ಲ ಅಯ್ಯಾ. ನೆಟ್ಟವರು ಬೇರೆ, ನಾವು ಅವಳಿಗೆ ತಿನ್ನಿಸಿದ್ವಿ ಅಷ್ಟೆ" ಅಂದೆ. ಹಾಗಂದದ್ದು ನಾನೇನಾ ಎಂದು ಅವರು ಹೋದ ಮೇಲೆ ಆಶ್ಚರ್ಯಪಟ್ಟೆ. ಈಗ ಬೆಳಗಿನ ಜಾವದ ಪ್ರಾರ್ಥನೆಗೆ ಹೋದರೆ ನನ್ನ ಬೆಂಚಿನಲ್ಲಿ ನಾನೊಬ್ಬಳೇ. ಪಾಚಿ ಒಣಗಿಸುವ ಅಂಗಳದಲ್ಲೂ, ಅದನ್ನು ಹರಡುವ ನನ್ನ ಚೌಕಟ್ಟಿನ ಇನ್ನೊಂದು ತುದಿ ಹಿಡಿಯಲು ಯಾರೂ ಬರುವುದಿಲ್ಲ. ಒಬ್ಬಳೇ ಎಳೆಯುತ್ತೇನೆ.

ಹೋದ ಸಲ ಬರೆಯಲು ಬಾಯಿಲ್ಲ ಅಂದಿದ್ದೆನಲ್ಲ, ಅದು ಈಗ. ನಿನ್ನ ಗಂಡನ ಬಗ್ಗೆ ನೀನು ನಿಜ ಹೇಳಿದಾಗ ನಾನು ನಿನ್ನ ಬಾಯಿ ಮುಚ್ಚಿಸಿದೆ. ನಿನ್ನ ನೋವನ್ನು ನನ್ನದೆಂಬಂತೆ ಎತ್ತಿ ಸಭೆಯಲ್ಲಿ ಹಂಚಿದೆ, ಭಕ್ತೆ ಎನ್ನಿಸಿಕೊಂಡೆ. ತಾಯಿಯಾಗಿ ಮಾಡಬಾರದ್ದು. ನನ್ನನ್ನು ಕ್ಷಮಿಸು. ಬೇಗ ಎಂದು ಕೇಳುವುದಿಲ್ಲ.

ಅಮ್ಮ


ಡೇಜಾನ್
14 ಫೆಬ್ರವರಿ 1989

ಅಮ್ಮ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರಿಸದೇ ಇದ್ದದ್ದು ಸಿಟ್ಟಿನಿಂದಲ್ಲ. ಕ್ಷಮಿಸಿದೆ ಎಂದು ಬರೆಯುವುದು ಸುಲಭ, ಅದು ಸುಳ್ಳಾಗಬಾರದಲ್ಲ. ಒಳಗೆ ಹುಡುಕಿ ನೋಡಿದೆ. ನಿನ್ನ ಮೇಲಿನ ಸಿಟ್ಟು ಇದ್ದ ಜಾಗದಲ್ಲಿ, ಚಳಿಯಲ್ಲಿ ಒಬ್ಬಳೇ ಚೌಕಟ್ಟು ಎಳೆಯುವ ನೀನು ಕಾಣುತ್ತೀ. ಕ್ಷಮಿಸಿದ್ದೇನೆ, ಅಮ್ಮ. ನಾನೇ, ನನ್ನ ಪರವಾಗಿ.

ಇನ್ನೊಂದು ವಿಷಯ. ನಿನ್ನೆ ಪ್ಯೊ ಹಿರಿಯರು ಇಲ್ಲಿಗೆ ಬಂದಿದ್ದರು.

ಅಂಗಡಿಯ ಬಾಗಿಲಲ್ಲಿ ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದರು. ಎಷ್ಟು ಇಳಿದುಹೋಗಿದ್ದಾರೆ! ಹೊಲಿಯಲು ಬಂದ ಯಾರೋ ಎಂದು "ಬನ್ನಿ" ಅಂದೆ. ಆಮೇಲೆ ಗುರುತಾಯಿತು. ಎಂದಾದರೂ ಎದುರು ಸಿಕ್ಕರೆ ಏನೇನು ಅನ್ನಬೇಕೆಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೆ. ಒಂದೂ ನೆನಪಾಗಲಿಲ್ಲ. ಕತ್ತರಿ ಕೈಯಲ್ಲಿತ್ತು, ಅದನ್ನು ಕೆಳಗಿಟ್ಟೆ. ಇಟ್ಟು ಸ್ವಲ್ಪ ದೂರ ತಳ್ಳಿದೆ.

"ಬೊರಮ್ ಅಮ್ಮ," ಅಂದರು, "ನಿಮ್ಮಮ್ಮ ಅವತ್ತು ತಟ್ಟೆ ದಾಟಿಸಿದಾಗಿಂದ ನನ್ನ ಗಂಟಲಲ್ಲಿ ರೊಟ್ಟಿ ಇಳೀತಿಲ್ಲ. ನಿನಗೆ ಹೇಳ್ಬೇಕು ಅಂತ ಬಂದೆ. ಹೋಗು ಅಂದಿದ್ದು ನಾನೇ. ಬಾವುಟ ಏರಿಸಿದ್ದು ನನಗೆ ಗೊತ್ತಿತ್ತು. ಅವನು ಬೇಡ ಅಂದ, ನಾನು ಹಂಗಿಸಿದೆ. ಅವನು ಕುಡಿದಿರ್ಲಿಲ್ಲ. ಬಾವುಟ ಇದ್ರೂ ದೋಣಿ ಕಳಿಸ್ದೆ ಅಂದ್ರೆ ಜೈಲಾಗ್ತಿತ್ತು, ಮಕ್ಕಳು ಓದ್ತಿದ್ರು... ಅದಕ್ಕೆ."

ಆರು ವರ್ಷ ನಾನು ಕಾಯುತ್ತಿದ್ದ ಮಾತು ಇದು. ಕೇಳಿದರೆ ಕುಣಿಯುತ್ತೇನೆ ಎಂದುಕೊಂಡಿದ್ದೆ. ಕಿವಿಯಲ್ಲಿ ಗುಂಯ್ ಎಂದದ್ದು ಬಿಟ್ಟರೆ ಏನೂ ಆಗಲಿಲ್ಲ.

"ಗೊತ್ತು" ಅಂದೆ.

"ನಿನಗೆ ಹೇಳಿದ್ನಲ್ಲ. ಇಷ್ಟು ಸಾಕಲ್ವಾ?"

"ನನಗೆ ಹೇಳೋದು ಏನಿದೆ, ಹಿರಿಯರೇ? ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೋರಿಗೆ ಹೇಳಿ. ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲಿ ಹೇಳಿ."

ಶೂ ಬಿಚ್ಚಿ ಒಳಗೆ ಬಂದು ಕೂತರು. "ಹೇಳಿದ್ರೆ ಕ್ಷಮಿಸ್ತೀಯಾ?"

"ಗೊತ್ತಿಲ್ಲ."

"ಗೊತ್ತಿಲ್ದೇ ಇರೋದಕ್ಕೆ ನಾನು ಮನೆ, ಮಾನ, ಮಕ್ಕಳ ಮುಖ ಎಲ್ಲ ನೀರಿಗೆ ಹಾಕ್ಲಾ?"

"ನೀವು ಕೊಟ್ರೆ ನಾನು ಕೊಡ್ತೀನಿ ಅನ್ನೋಕೆ ಇದು ಮೀನಿನ ಹರಾಜಲ್ಲ. ಹೇಳೋದು ಬಿಡೋದು ನಿಮಗೂ ದೇವರಿಗೂ ಸೇರಿದ್ದು. ನಂದು ನನಗೂ ದೇವರಿಗೂ."

ಅಷ್ಟರಲ್ಲಿ ಬೊರಮ್ ಶಾಲೆಯಿಂದ ಬಂದಳು. ಬಗ್ಗಿ ನಮಸ್ಕಾರ ಮಾಡಿ, "ಅಜ್ಜ, ನೀವು ಸೊಂಗ್‌ಪೊದವ್ರಾ? ಅಮ್ಮನ ಥರಾನೇ ಎಳೆದು ಮಾತಾಡ್ತೀರ" ಅಂದಳು. ಅವರು ಹೂಂ ಅಂದರು. "ಹಾಗಾದ್ರೆ ನಮ್ಮಪ್ಪ ಗೊತ್ತಿತ್ತಾ ನಿಮಗೆ?"

ಅವಳಿಗೆ ಅವನದೇ ಹಣೆ. ಅವರು ಅದನ್ನು ನೋಡಿದರು, ಎದ್ದರು, ಶೂ ಹಾಕಿಕೊಳ್ಳಲು ಹೋಗಿ ಕಾಲು ಸಿಗದೆ ತಡವರಿಸಿದರು. ಉತ್ತರ ಕೊಡದೆ ಹೊರಟುಹೋದರು.

ಅವರು ಹೇಳುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ನೀನೂ ಅವರನ್ನು ಒತ್ತಾಯಿಸಬೇಡ.

ಯೊನ್‌ಸಿಲ್


ಸೊಂಗ್‌ಪೊ
21 ಮಾರ್ಚ್ 1989

ಯೊನ್‌ಸಿಲ್,

ನಿನ್ನ ಹಿಂದಿನ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ. ಅದಕ್ಕೆ ಬೇರೆ ಏನೂ ಬರೆಯುವುದಿಲ್ಲ.

ನೀನು ಹೇಳಿದಂತೆ ನಾನು ಅವರ ಮನೆಯ ಕಡೆ ಹೆಜ್ಜೆ ಹಾಕಲಿಲ್ಲ. ಎದುರು ಸಿಕ್ಕರೆ ತಲೆಬಾಗಿ ಮುಂದೆ ಹೋಗುತ್ತಿದ್ದೆ. ಮೊನ್ನೆ ಗರಿಗಳ ಭಾನುವಾರ, ಸಭೆಯ ಪರವಾಗಿ ಪ್ರಾರ್ಥಿಸುವ ಸರದಿ ಅವರದು. ಮುಂದೆ ಹೋಗಿ ನಿಂತರು. ಎಲ್ಲರೂ ಕಣ್ಣು ಮುಚ್ಚಿದೆವು. ಎಂದಿನಂತೆ ದೇಶಕ್ಕಾಗಿ, ಕಾಯಿಲೆಯವರಿಗಾಗಿ, ಸಮುದ್ರದ ಮೇಲಿರುವವರಿಗಾಗಿ ಬೇಡಿದರು. ಸಮುದ್ರದ ಮೇಲಿರುವವರು ಎಂದಾಗ ದನಿ ನಿಂತಿತು. ಮರೆತರೇನೋ ಎಂದು ನಾನು ಕಣ್ಣು ತೆರೆದೆ. ಅವರ ಕಣ್ಣೂ ತೆರೆದಿತ್ತು.

"ಪ್ರಾರ್ಥನೆ ಇಲ್ಲಿಗೆ ನಿಲ್ಲಿಸ್ತೀನಿ. ನಿಮಗೆ ಹೇಳ್ಬೇಕಾದ್ದನ್ನ ದೇವರ ಕಡೆ ತಿರುಗಿ ಹೇಳೋದು ಮೋಸ" ಅಂದರು. ಆಮೇಲೆ ಎಲ್ಲ ಹೇಳಿದರು. ಬಾವುಟ, ಹಂಗಿಸಿದ್ದು, ಪೊಲೀಸರಿಗೆ ಹೇಳಿದ್ದು. "ಥೇಗುನ್ ಅವತ್ತು ಒಂದು ತೊಟ್ಟೂ ಕುಡಿದಿರ್ಲಿಲ್ಲ. ಕುಡುಕ ಅಂತ ನಾನು ಹೇಳ್ದೆ, ನೀವು ನಂಬಿದ್ರಿ. ಸತ್ತವನ ಮೇಲೆ ಸುಳ್ಳು ಹೊರಿಸಿ ಇಷ್ಟು ವರ್ಷ ನಿಮಗೆ ರೊಟ್ಟಿ ಹಂಚಿದೆ."

ದೊಡ್ಡ ಮಗ ಎದ್ದು, "ಅಪ್ಪಾ! ತಲೆ ಕೆಟ್ಟಿದ್ಯಾ ನಿನಗೆ? ಕೂತ್ಕೋ!" ಎಂದು ಕೂಗಿದ. ತೋಳು ಹಿಡಿದು ಎಳೆದ. ಅವರು ಎಳೆದತ್ತ ಹೋದರು, ಹೋಗುತ್ತಲೇ ಮಾತು ಮುಗಿಸಿದರು. ಅರ್ಧ ಜನ ಎದ್ದು ಹೊರಟರು. ಪಾಸ್ಟರ್ ಕುರ್ಚಿಯಲ್ಲಿ ಕೂತೇ ಇದ್ದರು, ಪಾಪ, ಹಾಡಿನ ಸಂಖ್ಯೆ ಹೇಳಲು ಬಾಯಿ ತೆರೆದು ಮುಚ್ಚಿದರು.

ಬಾಗಿಲಲ್ಲಿ ಅವರು ತಿರುಗಿ ನನ್ನ ಕಡೆ ನೋಡಿದರು. ಎಲ್ಲರೂ ನೋಡಿದರು, ಮತ್ತೆ ಅದೇ ಕಣ್ಣುಗಳು. ಈ ಕ್ವಾಕ್ ಸುನ್‌ಇಮ್ ಏನಾದರೂ ಹೇಳುತ್ತಾಳೆ ಎಂದು. ನಾನು ಹಾಡಿನ ಪುಸ್ತಕ ನೋಡುತ್ತ ಕೂತೆ. ನಿನ್ನ ಪರವಾಗಿ ಒಂದು ಉಸಿರೂ ಬಿಡಲಿಲ್ಲ.

ಹಿರಿಯರ ಸ್ಥಾನ ಬಿಟ್ಟುಕೊಟ್ಟಿದ್ದಾರೆ. ಪೊಲೀಸ್ ಠಾಣೆಗೂ ತಾವೇ ಹೋಗಿ ಹೇಳಿಬಂದರಂತೆ. ಹೋದ ತಿಂಗಳವರೆಗೆ ನನ್ನನ್ನು ಕಂಡು ಮುಖ ತಿರುಗಿಸುತ್ತಿದ್ದವರೇ ಈಗ ಅವರ ಬಾಗಿಲ ಮುಂದೆ ಉಗುಳಿ ಹೋಗುತ್ತಾರೆ. ಒಣಮೀನಿನ ಅಜ್ಜಿ, "ನನಗೆ ಆಗ್ಲೇ ಅನುಮಾನ ಇತ್ತು" ಅನ್ನುತ್ತಾಳೆ. ನಕ್ಕುಬಿಟ್ಟೆ. ಇವತ್ತು ಅಂಗಳದಲ್ಲಿ ಹಿರಿಯರ ಹೆಂಡತಿ ಒಬ್ಬಳೇ ಚೌಕಟ್ಟು ಎಳೆಯುತ್ತಿದ್ದಳು. ಹೋಗಿ ಇನ್ನೊಂದು ತುದಿ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಇದು ನನ್ನ ಪಾಲಿನದು, ನಿನ್ನದಲ್ಲ. ಅದಕ್ಕೇ ಕೇಳದೆ ಮಾಡಿದೆ.

ಅಮ್ಮ


ಡೇಜಾನ್
5 ಏಪ್ರಿಲ್ 1989

ಪ್ಯೊ ಅವರಿಗೆ,

ನೀವು ಸಭೆಯಲ್ಲಿ ಹೇಳಿದ್ದನ್ನು ಅಮ್ಮ ಬರೆದು ತಿಳಿಸಿದಳು. ಬೊರಮ್‌ಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, ತನ್ನ ತಂದೆಯ ಫೋಟೋ ಹೊರಗೆ ತೆಗೆದಳು. ಇದನ್ನು ನಿಮಗೆ ತಿಳಿಸಬೇಕು ಅನ್ನಿಸಿತು.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎನ್ನುವ ಮಾತು ಬರುವಲ್ಲಿ ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಎಲ್ಲರೂ ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದೆ. ಹೋದ ಭಾನುವಾರ ನಿಲ್ಲಿಸದೆ ಹೇಳಿದೆ. ಹೇಳುವಾಗ ನಿಮ್ಮ ಹೆಸರು ಮನಸ್ಸಿನಲ್ಲಿತ್ತು. ಎದೆ ಹಗುರಾಗಲಿಲ್ಲ. ಕಲ್ಲು ಹೊತ್ತು ಏರು ಹತ್ತಿದ ಹಾಗಿತ್ತು. ನಾಳೆ ಮತ್ತೆ ಹೇಳಬೇಕಾಗುತ್ತದೆ, ನಾಡಿದ್ದೂ. ಕ್ಷಮಿಸಿದ್ದೇನೆ ಎನ್ನುವುದಕ್ಕಿಂತ ಕ್ಷಮಿಸುತ್ತಿದ್ದೇನೆ ಎಂದು ಬರೆಯುವುದು ನಿಜಕ್ಕೆ ಹತ್ತಿರ.

ಇದೇ 22ರ ಶನಿವಾರ ಮಧ್ಯಾಹ್ನ ಅಮ್ಮನ ಮನೆಯಲ್ಲಿ ಥೇಗುನ್‌ನ ಸ್ಮರಣೆಯ ಆರಾಧನೆ. ನೀವು ಬನ್ನಿ. ಅವನು ಮನೆಯಲ್ಲಿ ಹೇಗಿದ್ದ ಎಂದು ನಾನು ಮಗಳಿಗೆ ಹೇಳಬಲ್ಲೆ. ದೋಣಿಯ ಮೇಲೆ ಹೇಗಿದ್ದ ಎನ್ನುವುದು ನಿಮಗೆ ಮಾತ್ರ ಗೊತ್ತು. ಅವಳು ಅವತ್ತು ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡದೆ ಎದ್ದು ಹೋದಿರಿ. ಬಂದು ಉತ್ತರ ಕೊಡಿ.

ಬೊರಮ್‌ನ ತಾಯಿ
ಯೊನ್‌ಸಿಲ್


ಸೊಂಗ್‌ಪೊ
25 ಏಪ್ರಿಲ್ 1989

ಯೊನ್‌ಸಿಲ್,

ಬಸ್ಸಿನಲ್ಲಿ ಬೊರಮ್‌ಗೆ ವಾಂತಿಯಾಗಲಿಲ್ಲ ತಾನೆ? ಹುಳಿ ಕಿತ್ತಳೆಯ ಸಿಪ್ಪೆ ಜೇಬಿನಲ್ಲಿಟ್ಟು ಕಳಿಸಿದ್ದೆ.

ನೀವಿಬ್ಬರೂ ಹೋದ ಮೇಲೆ ಮನೆ ಎರಡು ದಿನ ಕಿವುಡಾಗಿತ್ತು. ಸಭೆಯವರು ಒಬ್ಬೊಬ್ಬರಾಗಿ ಏನೋ ಒಂದು ನೆಪ ಹಿಡಿದು ಬರುತ್ತಿದ್ದಾರೆ. ಒಬ್ಬಳು ಉಪ್ಪು ಕೇಳಲು ಬಂದಳು, ಮನೆಯಲ್ಲಿ ಮೂಟೆ ಉಪ್ಪಿದ್ದವಳು. ಏನಾಯಿತು ಎಂದು ತಿಳಿಯಬೇಕು ಅವರಿಗೆ. ಪ್ಯೊ ಬಂದರಂತೆ, ಅಂಗಳದಲ್ಲೇ ನಿಂತಿದ್ದರಂತೆ, ಹುಡುಗಿಯೇ ಹೋಗಿ ತೋಳು ಹಿಡಿದು ಕರೆತಂದಳಂತೆ, ಹೌದಾ? ಹೌದು ಅಂದೆ. ಅವಳ ಜೊತೆ ಅಷ್ಟು ಹೊತ್ತು ಏನು ಮಾತಾಡಿದರು? ಅವಳ ತಂದೆ ಗಾಳಿಗೆ ಬೆನ್ನು ಕೊಟ್ಟು ಹಾಡುತ್ತ ಬಲೆ ಎಳೆಯುತ್ತಿದ್ದನಂತೆ, ಸಿಕ್ಕ ಮರಿ ಮೀನನ್ನೆಲ್ಲ ಬೈದು ವಾಪಸ್ ಸಮುದ್ರಕ್ಕೆ ಎಸೆಯುತ್ತಿದ್ದನಂತೆ, ಅದನ್ನು ಹೇಳಿದರು ಅಂದೆ. ಬೊರಮ್ ನಕ್ಕದ್ದನ್ನೂ ಹೇಳಿದೆ. ಆ ನಗುವಿಗೆ ಮುದುಕ ಮುಖ ಮುಚ್ಚಿಕೊಂಡು ಅತ್ತದ್ದನ್ನು ಹೇಳಲಿಲ್ಲ.

"ಸರಿ ಸರಿ, ಯೊನ್‌ಸಿಲ್ ಏನಂದ್ಳು? ಕ್ಷಮಿಸಿದ್ಲಾ, ಇಲ್ವಾ?" ಎಂದು ಉಪ್ಪಿನವಳು ಕೊನೆಗೆ ಕೇಳಿಯೇಬಿಟ್ಟಳು.

ನೀನು ಅವರನ್ನು ಬೀಳ್ಕೊಡಲು ಗೇಟಿನವರೆಗೆ ಹೋದೆಯಲ್ಲ. ಅಡುಗೆಮನೆಯ ಕಿಟಕಿ ತೆರೆದಿತ್ತು, ಎಲ್ಲ ಕಾಣುತ್ತಿತ್ತು. ಅವರು ಹ್ಯಾಟು ತೆಗೆದು ತಲೆಬಾಗಿ ನಿಂತದ್ದು ಕಂಡಿತು. ನೀನು ಮಾತಾಡಲು ಬಾಯಿ ತೆರೆದದ್ದೂ ಕಂಡಿತು.

"ನನಗೆ ಗೊತ್ತಿಲ್ಲ" ಅಂದೆ. ಅವಳು ನಂಬಲಿಲ್ಲ. ಆದರೆ ಅದೇ ನಿಜ ಮಗಳೇ. ನಾನು ನಲ್ಲಿಯ ನೀರನ್ನು ಜೋರಾಗಿ ಬಿಟ್ಟು, ಆ ಸದ್ದಿನಲ್ಲಿ ತೊಳೆದಿಟ್ಟ ಬಟ್ಟಲುಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದೆ.

ನಿನ್ನ ಅಮ್ಮ